ಹೆಸರಿಲ್ಲದೆ ಕರೆದರು

ಬಾಗಿಲು ಎಳೆದುಕೊಂಡು ಕೂತುಕೊಳ್ಳಿ. ಒಂದೇ ಸಲ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡಿ.

ನನ್ನ ಚಿಕ್ಕಮ್ಮನ ಮಗಳು ಚನ್ತಾಳ ಮನೆಯಲ್ಲಿ ನಡೆದದ್ದು ಇದು. ಚಿಯಾಂಗ್ ಮಾಯಿಯಲ್ಲಿ, ಪಿಂಗ್ ನದಿಯ ಪೂರ್ವದ ದಂಡೆಯಲ್ಲಿ. ಅವರ ಮನೆ, ನಮ್ಮ ಮನೆ ಅಕ್ಕಪಕ್ಕ. ಚರ್ಚು ಅಲ್ಲಿಂದ ಎರಡು ಓಣಿ ದೂರ. ಯಾರೋ ಹೇಳಿ ಕೇಳಿದ್ದಲ್ಲ. ನಾನಿದ್ದೆ.

ಡಿಸೆಂಬರ್ ತಿಂಗಳು. ಚಳಿ. ಕ್ರಿಸ್‌ಮಸ್ ಹಾಡಿನ ಅಭ್ಯಾಸ ಮುಗಿಸಿ ಮನೆಗೆ ನಡೆದು ಬರುತ್ತಿದ್ದೆವು. ಹೊತ್ತು ಮೀರಿತ್ತು. ಚನ್ತಾಳ ಗಂಡ ಇನ್ಸೋಮ್ ಮುಂದೆ. ಹಾಡಿನ ತಂಡ ನಡೆಸುವವನು ಅವನೇ. ಚರ್ಚಿನ ಸಭೆಯ ಹಿರಿಯರಲ್ಲಿ ಎಲ್ಲರಿಗಿಂತ ಚಿಕ್ಕವನು, ಅದರ ಜಂಬ ಸ್ವಲ್ಪ ಇತ್ತು. ಗಂಟಲು ಮಾತ್ರ ಗಂಟಲೇ. ಇಲ್ಲಿ ಹಾಡಿದರೆ ನದಿಯಾಚೆ ಸಂತೆಯವರು ತಲೆ ಎತ್ತುತ್ತಿದ್ದರು. ಅವನ ಹಿಂದೆ ಚನ್ತಾ, ಮಗಳು ಬುವಾ. ಆರು ತುಂಬಿರಲಿಲ್ಲ ಬುವಾಗೆ. ಕೊನೆಯಲ್ಲಿ ನಾನು.

ಚರ್ಚಿನ ಹಿಂದಿನ ಗೇಟಿನ ಹತ್ತಿರ ಒಂದು ಬಾವಿ. ಪಾದ್ರಿಗಳ ಮನೆಯ ಪಕ್ಕಕ್ಕೆ. ಮೊದಲು ಬಂದ ಅಮೆರಿಕದ ಮಿಷನರಿ ತೋಡಿಸಿದ್ದು. ಅವರನ್ನು ನಮ್ಮ ಹಳಬರು ತಂದೆಗುರು ಅನ್ನುತ್ತಿದ್ದರು. ಹೆಂಡತಿಯನ್ನು ತಾಯಿಗುರು. ಬಾವಿಯ ಬಾಯಿಗೆ ತೇಗದ ಹಲಗೆ ಜೋಡಿಸಿ ಮುಚ್ಚಿ ಎಷ್ಟೋ ವರ್ಷ ಆಗಿತ್ತು.

ಬುವಾ ಅದರ ಕಟ್ಟೆ ಮೇಲೆ ಕೂತಳು. ಚಪ್ಪಲಿಗೆ ಕಲ್ಲು ಸಿಕ್ಕಿತ್ತು.

"ಅಲ್ಲಿ ಕೂರಬೇಡ," ಚನ್ತಾ ಅಂದಳು.

"ಕೂರಲಿ ಬಿಡು. ಹಲಗೆ ಗಟ್ಟಿ ಇದೆ. ಮುರಿಯೋಕೆ ಇವಳೇನು ಆನೆ ಮರೀನಾ?" ಇನ್ಸೋಮ್ ನಕ್ಕ.

ಆಗ ಬಂತು ಸದ್ದು.

ಕಚ್...

ಸ್ವಲ್ಪ ಹೊತ್ತು ಏನಿಲ್ಲ. ಮತ್ತೆ... ಕಚ್.

ಕತ್ತರಿಯ ಎರಡು ಅಲಗು ಕೂಡಿದ ಸದ್ದು. ಹಲಗೆಯ ಕೆಳಗಿನಿಂದ.

ಚನ್ತಾ ನನ್ನ ಮೊಣಕೈ ಹಿಡಿದಳು. ಉಗುರು ನಾಟಿತು. ಇಬ್ಬರೂ ಮಾತಾಡಲಿಲ್ಲ. ರಾತ್ರಿ ಹೊತ್ತು ಸದ್ದು ಕೇಳಿಸಿದರೆ ಅದೇನು ಅನ್ನಬಾರದು. ಯಾರಾದರೂ ಕರೆದರೆ ಓಗೊಡಬಾರದು. ನಮ್ಮಲ್ಲಿ ಮಕ್ಕಳಿಗೆ ನಡೆಯುವುದಕ್ಕೆ ಮೊದಲೇ ಇದನ್ನು ಕಲಿಸುತ್ತಾರೆ. ಇನ್ಸೋಮ್ ತನ್ನ ಮಗಳಿಗೆ ಕಲಿಸಗೊಟ್ಟಿರಲಿಲ್ಲ. ಅದೆಲ್ಲ ಹಳೇ ಕಾಲದ್ದು ಅಂತ.

ಬುವಾ ಬಗ್ಗಿ ಹಲಗೆಗೆ ಕಿವಿ ಕೊಟ್ಟಳು.

"ಹ್ಞಾಂ?" ಅಂದಳು. "ಯಾರು?... ನಾನಾ?"

ಪಕ್ಕಕ್ಕೆ ಬಿದ್ದಳು. ಹಗ್ಗದ ಮೇಲಿನ ಬಟ್ಟೆ ಜಾರಿ ಬೀಳುತ್ತದಲ್ಲ... ಹಾಗೆ. ಸದ್ದೂ ಆಗಲಿಲ್ಲ.

ಆಸ್ಪತ್ರೆಗೆ ಒಯ್ದೆವು. ಜ್ವರ ಇಲ್ಲ. ಗಾಯ ಇಲ್ಲ. ರಕ್ತ ತೆಗೆದು ನೋಡಿದರು, ಎಲ್ಲ ಸರಿ. ಕಣ್ಣು ತೆರೆದೇ ಇತ್ತು. ಆದರೆ ಮುಖದ ಮುಂದೆ ಕೈ ಆಡಿಸಿದರೆ ರೆಪ್ಪೆ ಬಡಿಯುತ್ತಿರಲಿಲ್ಲ. ಬಾಯಿಗೆ ಗಂಜಿ ಹಾಕಿದರೆ ತುಟಿ ಪಕ್ಕದಿಂದ ಇಳಿಯುತ್ತಿತ್ತು. ಡಾಕ್ಟರು ಒಳ್ಳೆಯವರು. "ಏನೂ ಸಿಗ್ತಿಲ್ಲ ನನಗೆ," ಅಂತ ನೇರ ಹೇಳಿದರು. ಮನೆಗೆ ಕರೆತಂದೆವು. ದಿನದಿಂದ ದಿನಕ್ಕೆ ಮಗುವಿನ ಕೆನ್ನೆ ಒಳಕ್ಕೆ ಹೋಯಿತು. ಹೀಗೇ ಬಿಟ್ಟರೆ ಕ್ರಿಸ್‌ಮಸ್ ನೋಡುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಯಾರೂ ಆಡುತ್ತಿರಲಿಲ್ಲ.

ಆಡಿದ್ದು ಚಿಕ್ಕಮ್ಮ.

"ಇವಳ ಖ್ವನ್ ಬಿದ್ದಿದೆ," ಅಂದಳು. "ಬಾವಿ ಹತ್ರ. ಎತ್ಕೊಂಡು ಬರಬೇಕು."

ಖ್ವನ್ ಅಂದರೆ ಪ್ರಾಣವಲ್ಲ. ಪ್ರಾಣ ಹೋದರೆ ಹೆಣ. ಖ್ವನ್ ಹೋದರೆ ಮನುಷ್ಯ ಇದ್ದೂ ಮನೆಯಲ್ಲಿಲ್ಲ. ಮಕ್ಕಳು ಬಿದ್ದರೆ, ಬೆಚ್ಚಿದರೆ ಅದು ಅಲ್ಲೇ ಉಳಿದುಬಿಡುತ್ತದೆ. ಆಗ ಮೀನು ಎತ್ತುವ ಕೈಬಲೆ ತೆಗೆದುಕೊಂಡು ಹೋಗಬೇಕು. ಬಲೆಯೊಳಗೆ ಮಗುವಿನ ಅಂಗಿ, ಬೇಯಿಸಿದ ಮೊಟ್ಟೆ, ಬಾಳೆಹಣ್ಣು, ಒಂದು ಉಂಡೆ ಅಂಟನ್ನ. ಬಿದ್ದ ಜಾಗದಲ್ಲಿ ನೆಲದಿಂದ ಎತ್ತಿ ಎತ್ತಿ ಕರೆಯಬೇಕು. ಬಂದ ಮೇಲೆ ಮಣಿಕಟ್ಟಿಗೆ ಬಿಳೀ ನೂಲು ಕಟ್ಟಿ ನಿಲ್ಲಿಸಬೇಕು. ಊರಿನ ಬೌದ್ಧರೆಲ್ಲ ಮಾಡುತ್ತಾರೆ. ನಾವು ಬಿಟ್ಟು ಮೂರು ತಲೆಮಾರು.

ಬಿಡಿಸಿದ್ದು ಆ ಬಾವಿಕಟ್ಟೆಯ ಮೇಲೇ. ಹೊಸದಾಗಿ ಸಭೆ ಸೇರುವವರನ್ನು ಅಲ್ಲಿ ಸಾಲಾಗಿ ಕೂರಿಸುತ್ತಿದ್ದರಂತೆ. ತಾಯಿಗುರು ಹೊಲಿಗೆ ಕತ್ತರಿ ತಂದು ಒಬ್ಬೊಬ್ಬರ ನೂಲು ಕತ್ತರಿಸಿ ಬಾವಿಗೆ ಹಾಕುತ್ತಿದ್ದಳಂತೆ. ಒಳ್ಳೆಯ ಮನಸ್ಸಿನಿಂದಲೇ. ಇನ್ನು ನಿಮಗೆ ಯಾವ ಭಯವೂ ಇಲ್ಲ ಅಂತ ತಲೆ ನೇವರಿಸುತ್ತಿದ್ದಳಂತೆ. ಇದನ್ನು ನನ್ನ ಅಜ್ಜಿ ಹೇಳಿದ್ದಳು.

ಇನ್ಸೋಮ್ ಸಿಡಿದುಬಿದ್ದ.

"ಅತ್ತೆ, ನಾನು ಸಭೆ ಮುಂದೆ ನಿಲ್ಲೋನು. ಬಲೆ ಹಿಡ್ಕೊಂಡು ಚರ್ಚಿನ ಅಂಗಳದಲ್ಲಿ ಗಾಳಿ ಎತ್ತಲಾ? ಜನ ಏನಂತಾರೆ?"

"ಮಗು ಸತ್ತರೆ ಏನಂತಾರೆ? ಅದನ್ನ ಮೊದಲು ಯೋಚನೆ ಮಾಡು."

"ಪ್ರಾರ್ಥನೆ ಮಾಡ್ತಾ ಇದೀವಲ್ಲ!"

"ಮಾಡು. ನಾನೂ ಮಾಡ್ತಿದೀನಿ. ಬಾಯಿ ಪ್ರಾರ್ಥನೆ ಮಾಡ್ಲಿ, ಕೈ ಬಲೆ ಹಿಡೀಲಿ. ಕೈ ಖಾಲಿ ಇಟ್ಕೊಂಡಿರು ಅಂತ ದೇವರು ಹೇಳಿದಾನಾ?"

"ಭಾವ, ನೀವಾದ್ರೂ ಹೇಳಿ ಇವರಿಗೆ."

"ನನ್ನ ಬಲೆ ಕೊಡ್ತೀನಿ," ಅಂದೆ. "ಒಂದು ಕಡೆ ಹರಿದಿದೆ. ಹೊಲ್ಕೊಳ್ಳಿ."

ಚನ್ತಾ ಸೂಜಿ ತಂದು ಬಲೆ ಹೊಲಿಯಲು ಕೂತಳು. ಅಲ್ಲಿಗೆ ಮುಗಿಯಿತು ವಾದ.

ಚಿಕ್ಕಮ್ಮನಿಗೂ ಪೂರ್ತಿ ಗೊತ್ತಿರಲಿಲ್ಲ. ಚಿಕ್ಕಂದಿನಲ್ಲಿ ಪಕ್ಕದ ಮನೆಯಲ್ಲಿ ಮಾಡುವಾಗ ಬೇಲಿ ಸಂದಿಯಿಂದ ನೋಡಿದ್ದಳು. ನೆನಪಿದ್ದಷ್ಟು ಹೇಳಿದಳು. ಕತ್ತಲು ಇಳಿಯುವಾಗ ಹೋಗಿ. ಹೆಸರು ಹಿಡಿದು ಗಟ್ಟಿಯಾಗಿ ಕರೆಯಿರಿ. ಬರುವಾಗ ಹಿಂದೆ ತಿರುಗಬೇಡಿ. ಮನೆ ಮೆಟ್ಟಿಲ ಹತ್ತಿರ ನಾನು ಕೇಳುತ್ತೇನೆ, ಖ್ವನ್ ಬಂತಾ ಅಂತ. ಬಂತು ಅನ್ನಿ. ಆಮೇಲೆ ಹತ್ತಿ.

ಹೋದೆವು. ಚನ್ತಾ ಕೈಯಲ್ಲಿ ಬಲೆ. ಇನ್ಸೋಮ್ ಕೈಯಲ್ಲಿ ಟಾರ್ಚು. ಹೊತ್ತಿಸಿರಲಿಲ್ಲ. ನಾನು ಗೇಟಿನ ಹತ್ತಿರ ನಿಂತೆ, ಯಾರಾದರೂ ಬಂದರೆ ಕೆಮ್ಮುವುದಕ್ಕೆ.

ಪಾದ್ರಿಗಳ ಕಿಟಕಿಯಲ್ಲಿ ದೀಪ ಇತ್ತು.

ಚನ್ತಾ ಬಗ್ಗಿದಳು. ಬಲೆಯನ್ನು ಕಟ್ಟೆಯ ಬುಡದಿಂದ ಮೇಲಕ್ಕೆ ಎತ್ತಿದಳು. ಬಾಯಿ ತೆರೆದಳು.

"ಬಾ... ಬು—"

ಇನ್ಸೋಮ್ ಅವಳ ಬಾಯಿಗೆ ಕೈ ಒತ್ತಿದ.

"ಕೂಗಬೇಡ!" ಪಿಸುಗುಟ್ಟಿದ. "ಪಾದ್ರಿಗಳು ಕಿಟಕಿ ತೆಗೀತಾರೆ."

"ಹೆಸರು ಹಿಡಿದು ಕರೀಬೇಕಂತೆ..."

"ಹೆಸರು ಬೇಡ. ಮಗುವಿಗೆ ತಾಯಿ ದನಿ ತಿಳಿಯಲ್ವಾ? ಮೆಲ್ಲಗೆ ಕರಿ."

ಮೆಲ್ಲಗೆ ಕರೆದಳು. ಅಳುತ್ತಾ ಕರೆದಳು. ಗೇಟಿನ ತನಕ ಕೇಳಿಸಿತು ನನಗೆ.

"ಬಾ... ಮನೆಗೆ ಬಾ... ಇಲ್ಲಿ ತಣ್ಣಗಿದೆ, ಇಲ್ಲಿರಬೇಡ... ಚಾಪೆ ಹಾಸಿದೆ... ಬಿಸಿ ಅನ್ನ ಇದೆ... ಯಾರೂ ಬಯ್ಯಲ್ಲ ನಿನ್ನ... ಬಾ."

ಕಚ್ ಅಂತ ಒಂದು ಸಲ. ಆಮೇಲೆ ಹಲಗೆಯ ಕೆಳಗೆ ಬೇರೆ ಸದ್ದು. ಕರ್‌ರ್‌ರ್... ಮರದ ಮೇಲೆ ಉಗುರು ಎಳೆದ ಹಾಗೆ. ಒಳಗಿನಿಂದ ಮೇಲಕ್ಕೆ. ಅಂಚಿನ ತನಕ ಬಂತು.

ನಿಂತಿತು.

"ಸಾಕು, ನಡಿ," ಇನ್ಸೋಮ್ ಅಂದ.

ಓಣಿಯಲ್ಲಿ ಮೂವರೇ. ಚಪ್ಪಲಿ ಚಟ್ ಚಟ್ ಅನ್ನುತ್ತಿತ್ತು. ಸ್ವಲ್ಪ ದೂರ ಬಂದ ಮೇಲೆ ಆ ಚಟ್ ಚಟ್ ನಡುವೆ ಇನ್ನೊಂದು ಸದ್ದು ಸೇರಿಕೊಂಡಿತು. ಪಚ್... ಪಚ್... ಒದ್ದೆ ಬರಿಗಾಲು. ಚಿಕ್ಕ ಕಾಲು. ನಾವು ನಿಂತರೆ ಅದೂ ನಿಲ್ಲುತ್ತಿತ್ತು.

"ಅಣ್ಣ..." ಚನ್ತಾ ಪಿಸುಗುಟ್ಟಿದಳು. "ಕೇಳಿಸ್ತಾ? ನನ್ನ ಮಗು ಬರ್ತಿದೆ."

"ಮುಂದೆ ನೋಡು," ಅಂದೆ.

ನೂಡಲ್ ಅಂಗಡಿಯವನ ನಾಯಿ ಇತ್ತು ಓಣಿಯಲ್ಲಿ. ದಿನವೂ ನಮ್ಮನ್ನು ಕಂಡರೆ ಬಾಲ ಆಡಿಸುತ್ತಿತ್ತು. ಆವತ್ತು ನಮ್ಮನ್ನು ನೋಡಲಿಲ್ಲ. ನಮ್ಮ ಹಿಂದೆ ನೋಡಿತು. ನೋಡುತ್ತಾ ಹೊಟ್ಟೆ ನೆಲಕ್ಕೆ ಒತ್ತಿ, ತೆವಳಿಕೊಂಡು ಗಾಡಿಯ ಕೆಳಗೆ ಹೋಯಿತು.

ಬಲೆಯಲ್ಲಿದ್ದ ಅಂಗಿಯ ತೋಳಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಟಪ್... ಟಪ್... ಆ ಬಲೆ ನೀರು ಮುಟ್ಟಿರಲಿಲ್ಲ.

ನಮ್ಮ ಮನೆಗಳು ಕಂಬದ ಮೇಲೆ. ಮೆಟ್ಟಿಲ ತುದಿಯಲ್ಲಿ ಚಿಕ್ಕಮ್ಮ ದೀಪ ಹಿಡಿದು ನಿಂತಿದ್ದಳು.

"ಖ್ವನ್ ಬಂತಾ?" ಕೇಳಿದಳು.

ಚನ್ತಾ ಬಾಯಿ ತೆರೆದಳು. ಮಾತು ಅವಳದ್ದಲ್ಲ. ಹಿಂದಿನಿಂದ ಬಂತು. ನನ್ನ ಸೊಂಟದ ಎತ್ತರದಿಂದ.

"ಬಂದೆ."

ನಾನು ತಿರುಗಲಿಲ್ಲ. ಇವತ್ತಿಗೂ ಅದೊಂದು ಪುಣ್ಯ ಅಂದುಕೊಳ್ಳುತ್ತೇನೆ.

ಒಳಗೆ ಬುವಾ ಎದ್ದು ಕೂತಿದ್ದಳು.

ಚನ್ತಾ ಬಲೆ ಬಿಸಾಡಿ ಓಡಿದಳು. ಇನ್ಸೋಮ್ ಬಾಗಿಲಲ್ಲೇ ಮೊಣಕಾಲೂರಿ ಸ್ತೋತ್ರ ಹೇಳಿದ. ಮಗು ಅನ್ನ ಕೇಳಿತು. ಬುಟ್ಟಿ ಮುಂದಿಟ್ಟೆವು. ತಿಂದಿತು. ತಿಂದೇ ತಿಂದಿತು.

"ನೋಡಿದ್ರಾ ಭಾವ? ನೋಡಿದ್ರಾ?" ಇನ್ಸೋಮ್ ನನ್ನ ಬೆನ್ನು ಗುದ್ದಿದ. "ಎಂಥಾ ಹಸಿವು ನನ್ನ ಮಗಳಿಗೆ!"

ಚಿಕ್ಕಮ್ಮನ ಕೈಯಲ್ಲಿ ನೂಲು ಇತ್ತು. ಕಟ್ಟಲಿಲ್ಲ. ಮಗುವಿನ ಕೈಯನ್ನೇ ನೋಡುತ್ತಿದ್ದಳು. ನಾನೂ ನೋಡಿದೆ. ಮಗು ಒಂದು ತುತ್ತು ಬಾಯಿಗಿಡುತ್ತಿತ್ತು, ಒಂದು ತುತ್ತು ಲಂಗದ ಮಡಿಲಿಗೆ ತುರುಕುತ್ತಿತ್ತು. ಒಂದು ಬಾಯಿಗೆ, ಒಂದು ಮಡಿಲಿಗೆ. ತಲೆ ಎತ್ತದೆ. ಬೇಗ ಬೇಗ.

"ಅದ್ಯಾರಿಗೆ ಬಚ್ಚಿಡ್ತೀಯೇ?" ಚನ್ತಾ ನಗುತ್ತಾ ಕೇಳಿದಳು. ಕಣ್ಣಲ್ಲಿ ನೀರು.

ಮಗು ಮುಖ ಎತ್ತಿತು. ಅವಳನ್ನು ನೋಡಿತು. ಪರಿಚಯ ಇಲ್ಲದ ಮನೆಯಲ್ಲಿ ಮಕ್ಕಳು ನೋಡುತ್ತಾರಲ್ಲ, ಮರ್ಯಾದೆಯಿಂದ, ಹೆದರಿಕೊಂಡು... ಹಾಗೆ.

"ಅಕ್ಕಾ," ಅಂದಿತು. "ನಮ್ಮ ಮನೆ ಪೂರ್ತಿ ಸುಟ್ಟುಬಿಟ್ರಾ?"

ಚನ್ತಾ ಚಾಚಿದ್ದ ಕೈ ಹಿಂದಕ್ಕೆ ಎಳೆದುಕೊಂಡಳು.

ಆಗ ದೂರದಿಂದ ಕೇಳಿಸಿತು. ಚರ್ಚಿನ ಕಡೆಯಿಂದ.

"ಅಮ್ಮಾ..."

ಬುವಾ. ಸಂಶಯವೇ ಇಲ್ಲ. ಎದುರಿಗೆ ಕೂತ ಮಗುವಿನ ಬಾಯಿ ಮುಚ್ಚಿತ್ತು.

ಚನ್ತಾ ಮೆಟ್ಟಿಲಿಗೆ ಹಾರಿದಳು. ಚಿಕ್ಕಮ್ಮ ಅಡ್ಡ ನಿಂತು ಕೂದಲು ಹಿಡಿದಳು.

"ಓಗೊಡಬೇಡ! ಈ ಹೊತ್ತಲ್ಲಿ ಓಗೊಟ್ಟರೆ ನೀನೂ ಅಲ್ಲೇ."

"ಬಿಡಮ್ಮಾ... ಕರೀತಿದಾಳೆ... ಬಿಡು..."

"ಹೆಸರು ಹಿಡಿದು ಕರೆದ್ರಾ ನೀವು? ಸರಿಯಾಗಿ ಹೇಳು. ಕರೆದ್ರಾ?"

ಚನ್ತಾ ಗಂಡನನ್ನು ನೋಡಿದಳು.

"ನಾನೇ ಬೇಡ ಅಂದೆ," ಇನ್ಸೋಮ್ ಅಂದ.

ಬೈಗುಳ ಬೀಳುತ್ತದೆ ಅಂದುಕೊಂಡೆ. ಬೀಳಲಿಲ್ಲ. ಚಿಕ್ಕಮ್ಮ ನೆಲದ ಮೇಲೆ ಕೂತಳು. ಮಗುವಿನಿಂದ ಸ್ವಲ್ಪ ದೂರ.

"ಮನೆ ಇಲ್ಲದೋರನ್ನ ಮನೆಗೆ ಬಾ ಅಂತ ಕರೆದಿದೀರಿ," ಅಂದಳು. "ಹೆಸರಿಲ್ಲದೆ. ಕೇಳಿಸ್ಕೊಂಡೋರು ಬಂದಿದಾರೆ. ಅದರದ್ದೇನು ತಪ್ಪು?"

ಈಗಿನವರಿಗೆ ಇದು ಗೊತ್ತಿಲ್ಲ. ಆ ಕಾಲದಲ್ಲಿ ಹಳ್ಳಿಯಲ್ಲಿ ಯಾರಿಗಾದರೂ ಜ್ವರ ಬಂದು ಬಡಬಡಿಸಿದರೆ ಯಾರೋ ಒಬ್ಬ ಹೆಂಗಸಿನ ಮೇಲೆ ತಪ್ಪು ಹಾಕುತ್ತಿದ್ದರು. ಅವಳ ಮೈಯಲ್ಲಿ ಪೀಡೆ ಇದೆ, ಅವಳ ಮಗಳಿಗೂ ಇದೆ, ಮೊಮ್ಮಗಳಿಗೂ ಬರುತ್ತದೆ ಅಂತ. ಮನೆಗೆ ಬೆಂಕಿ. ಸಂಸಾರವನ್ನೇ ಊರಾಚೆ. ಅಂಥವರಿಗೆ ಯಾವ ಊರೂ ಜಾಗ ಕೊಡುತ್ತಿರಲಿಲ್ಲ. ಕೊಟ್ಟದ್ದು ತಂದೆಗುರು ಒಬ್ಬರೇ. ಅವರಿಗೆ ಭಯ ಇರಲಿಲ್ಲ. ನಮ್ಮ ಸಭೆಯ ಅರ್ಧ ಮನೆತನ ಹಾಗೆ ನದಿ ದಾಟಿ ಬಂದದ್ದೇ. ನಮ್ಮದೂ. ಹಾಗೆ ಬಂದವರ ನೂಲೂ ಆ ಬಾವಿಕಟ್ಟೆಯ ಮೇಲೇ ಕತ್ತರಿಸಿದ್ದು. ಚಿಕ್ಕಮ್ಮನ ಅಜ್ಜಿ ಒಂದು ಸುಟ್ಟ ಮಡಕೆ ತಲೆ ಮೇಲಿಟ್ಟುಕೊಂಡು ಬಂದಿದ್ದಳಂತೆ.

ಇನ್ಸೋಮ್ ಎದ್ದ. "ಯೇಸುವಿನ ಹೆಸರಲ್ಲಿ ಓಡಿಸ್ತೀನಿ ಇದನ್ನ."

ಮಗು ತಟ್ಟನೆ ಮೂಲೆಗೆ ಸರಿಯಿತು. ಎರಡೂ ಕೈ ತಲೆ ಮೇಲೆ. ಏಟು ತಿಂದು ಅಭ್ಯಾಸ ಇದ್ದವರ ಹಾಗೆ.

"ಕೂತ್ಕೋ!" ಚಿಕ್ಕಮ್ಮ ಗದರಿದಳು. "ಒಂದ್ಸಲ ಓಡಿಸಿದಾರೆ ಇದನ್ನ. ಮತ್ತೆ ಓಡಿಸೋಕೆ ಹೋಗು, ಬುವಾಳ ಮೈ ಕಚ್ಚಿ ಹಿಡ್ಕೊಳ್ಳುತ್ತೆ. ಆಮೇಲೆ ಇಬ್ಬರೂ ಸಿಗಲ್ಲ ನಿನಗೆ."

ಆ ರಾತ್ರಿ ಮಗು ಮಲಗಲಿಲ್ಲ. ಮೊಣಕಾಲು ಅಪ್ಪಿಕೊಂಡು ಮೆಟ್ಟಿಲನ್ನೇ ನೋಡುತ್ತಿತ್ತು. ರಸ್ತೆಯಲ್ಲಿ ಯಾವುದೋ ಬೆಳಕು ಹಾದರೆ ಸೊಳ್ಳೆಪರದೆ ಹಿಂದೆ ಹೋಗುತ್ತಿತ್ತು. ನಾವು ನಾಲ್ವರೂ ಗೋಡೆಗೆ ಒರಗಿ ಕೂತಿದ್ದೆವು. ಹೊರಗೆ ಆಗಾಗ ಆ ದನಿ... ಅಮ್ಮಾ... ಪ್ರತಿ ಸಲ ಸ್ವಲ್ಪ ಸಣ್ಣಗೆ. ಚನ್ತಾ ಶಾಲಿನ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದಳು.

ಬೆಳಗಾಗುವಾಗ ಮಗುವಿನ ಉಗುರು ನೀಲಿ. ಒಬ್ಬರ ಮೈ ಇನ್ನೊಬ್ಬರ ಖ್ವನ್ ತಡೆಯುವುದಿಲ್ಲ, ಇನ್ನೊಂದು ರಾತ್ರಿ ಕಳೆಯುವುದು ಕಷ್ಟ, ಅಂದಳು ಚಿಕ್ಕಮ್ಮ.

"ಇವತ್ತು ಮುಸ್ಸಂಜೆ ಹೋಗಿ. ಬುವಾನ ಕೂಗಿ ಕರೀರಿ. ಊರಿಗೆಲ್ಲ ಕೇಳಿಸೋ ಹಾಗೆ."

"ಇವತ್ತು ಮುಸ್ಸಂಜೆ..." ಇನ್ಸೋಮ್ ತಡೆದ. "ಇವತ್ತು ಕಡೇ ಅಭ್ಯಾಸ. ಇಡೀ ಸಭೆ ಇರುತ್ತೆ ಅಲ್ಲಿ."

"ಇರಲಿ."

"ಹಿರಿಯರ ಸ್ಥಾನ ಹೋಗುತ್ತೆ ಅತ್ತೆ. ನಮ್ಮಪ್ಪ ಕೂತಿದ್ದ ಜಾಗ ಅದು."

ಚಿಕ್ಕಮ್ಮ ಮೂಲೆ ಕಡೆ ನೋಡಿದಳು. ನೀಲಿ ಉಗುರಿನ ಆ ಕೈ ಮಡಿಲಿನ ಅನ್ನವನ್ನು ಎಣಿಸುವ ಹಾಗೆ ಮುಟ್ಟಿ ಮುಟ್ಟಿ ನೋಡುತ್ತಿತ್ತು.

"ಆ ಮಗು ಎಲ್ಲಿಗೆ ಹೋಗುತ್ತಮ್ಮಾ?" ಚನ್ತಾ ಕೇಳಿದಳು. "ಮತ್ತೆ ಬಾವಿಗಾ?"

"ಅದು ನನಗೆ ಬಿಡು."

ಸಂಜೆ ಗಂಡ ಹೆಂಡತಿ ಹೋದರು. ನಾನು ಚಿಕ್ಕಮ್ಮನ ಜೊತೆ ಉಳಿದೆ. ಬಾಗಿಲು ತೆರೆದಿಟ್ಟೆವು. ಚರ್ಚಿನಿಂದ ಹಾಡು ಕೇಳಿಸುತ್ತಿತ್ತು. ಹೆಂಗಸರ ದನಿ ಮೇಲೆ, ಗಂಡಸರದು ಕೆಳಗೆ. ಇನ್ಸೋಮನ ದನಿ ಅದರಲ್ಲಿ ಇರಲಿಲ್ಲ.

ಆಮೇಲೆ ಕೇಳಿಸಿತು.

"ಬುವಾ!"

ಹಾಡು ಮುರಿಯಿತು.

"ಬುವಾ! ಇನ್ಸೋಮನ ಮಗಳು ಬುವಾ! ಚನ್ತಾಳ ಮಗಳು ಬುವಾ! ಮನೆಗೆ ಬಾ!"

ಓಣಿ ನಾಯಿಗಳೆಲ್ಲ ಒಟ್ಟಿಗೆ ಊಳಿಟ್ಟವು. ಅಲ್ಲಿ ಆದದ್ದನ್ನು ಚನ್ತಾ ಆಮೇಲೆ ಹೇಳಿದಳು. ತಂಡದವರೆಲ್ಲ ಕಿಟಕಿಗೆ ಬಂದರಂತೆ. ಯಾರೋ ನಕ್ಕರಂತೆ. "ಹಿರಿಯರು ಮೀನು ಹಿಡೀತಿದಾರೆ ನೋಡ್ರೋ," ಅಂದರಂತೆ. ಪಾದ್ರಿಗಳು ಹೊರಗೆ ಬಂದು, "ಇನ್ಸೋಮ್, ಇದೇನು? ಮೆಲ್ಲಗೆ... ಮೆಲ್ಲಗೆ," ಅಂದರಂತೆ.

"ಮೆಲ್ಲಗೆ ಕರೆದೇ ಹೀಗಾಗಿದ್ದು, ಪಾದ್ರಿಗಳೇ," ಅಂದನಂತೆ ಇವನು. ಮತ್ತೆ ಕೂಗಿದನಂತೆ. ಪಾದ್ರಿಗಳು ಒಳಗೆ ಹೋಗಿ ಲಾಂದ್ರ ತಂದು ಹಿಡಿದರಂತೆ. ಅವರೂ ಮಕ್ಕಳೊಂದಿಗರು.

ಇತ್ತ ಚಿಕ್ಕಮ್ಮ ಮಗುವಿನ ಹತ್ತಿರ ಸರಿದಳು. ತೊಡೆಯ ಮೇಲೆ ಎಳೆದುಕೊಂಡಳು. ಅದು ಮೊದಲು ಬಿಗಿಯಾಗಿತ್ತು. ಆಮೇಲೆ ಸಡಿಲವಾಯಿತು.

"ನಿನ್ನ ಹೆಸರೇನಮ್ಮಾ?"

ಮಗು ಮುಖ ತಗ್ಗಿಸಿತು.

"ನನ್ನಜ್ಜೀನೂ ನಿನ್ನ ಹಾಗೇ ಬಂದೋಳು. ನನ್ನ ಹತ್ರ ಹೇಳು. ಯಾರಿಗೂ ಹೇಳಲ್ಲ."

ಮಗು ಅವಳ ಕಿವಿಗೆ ಬಾಯಿ ಇಟ್ಟಿತು. ತುಟಿ ಅಲುಗಿತು. ನನಗೆ ಕೇಳಿಸಲಿಲ್ಲ. ಚಿಕ್ಕಮ್ಮ ಕಣ್ಣು ಮುಚ್ಚಿದಳು. ಆಮೇಲೆ ಎಡಗೈ ನನ್ನ ಕಡೆ ಚಾಚಿದಳು.

"ಕಟ್ಟು."

"ನಿಂಗಾ?"

"ನಂಗೇ. ಮಗುವಿಗಲ್ಲ. ಬೇಗ."

ನೂಲು ಸುತ್ತಿದೆ. ಗಂಟು ಜಾರುತ್ತಿತ್ತು. ಅವಳು ಮಗುವಿನ ಕಿವಿಯಲ್ಲಿ ಹೇಳುತ್ತಿದ್ದಳು. ಹೆಸರಿನ ಜಾಗ ಬಂದಾಗ ಉಸಿರಲ್ಲೇ ಹೇಳುತ್ತಿದ್ದಳು.

"...ಬಾ. ನಿನ್ನ ಮನೆ ಸುಟ್ಟಿಲ್ಲ. ಇದೇ ನಿನ್ನ ಮನೆ. ನನ್ನ ಜೊತೆ ಇರು... ಬಾ."

ಗಂಟು ಬಿಗಿದೆ.

ನನ್ನ ಬೆರಳ ಕೆಳಗೆ ಅವಳ ಮಣಿಕಟ್ಟು ತಣ್ಣಗಾಯಿತು. ಒಂದೇ ಸಲ. ಬಾವಿ ನೀರಿನ ಹಾಗೆ. ಕೈ ಎಳೆದುಕೊಂಡೆ. ಚಿಕ್ಕಮ್ಮ ಒಂದು ಸಲ ಬಿಕ್ಕಿದಳು. ಅಷ್ಟೇ.

ಬುವಾಳ ತಲೆ ಹಿಂದಕ್ಕೆ ಬಿತ್ತು. ಮಡಿಲಿನ ಅನ್ನ ನೆಲಕ್ಕೆ ಚೆಲ್ಲಿತು.

ಈಗ ಆ ಮೈಯಲ್ಲಿ ಯಾರೂ ಇಲ್ಲ.

ಎದೆ ಏರಿತು. ಇಳಿಯಿತು. ಏರಿತು... ಇಳಿಯಿತು... ಏರಲಿಲ್ಲ.

"ಚಿಕ್ಕಮ್ಮ—"

"ಶ್..."

ಓಣಿಯಲ್ಲಿ ಇನ್ಸೋಮನ ದನಿ ಹತ್ತಿರವಾಗುತ್ತಿತ್ತು. ಆ ಗಂಟಲು ಒಡೆದುಹೋಗಿತ್ತು. ಹರಿದ ಚರ್ಮದ ಡೋಲಿನ ಹಾಗೆ. ಆದರೂ ಹೆಜ್ಜೆ ಹೆಜ್ಜೆಗೂ... ಬುವಾ... ಬುವಾ... ಗೇಟು ಕಿರ್ ಅಂದಿತು. ಚಪ್ಪಲಿ ಸದ್ದು. ನಾನು ಕಿವಿಗೊಟ್ಟೆ. ಚಪ್ಪಲಿ ಬಿಟ್ಟು ಬೇರೇನಿದೆ ಅಂತ. ಏನೂ ಕೇಳಿಸಲಿಲ್ಲ. ಬರೀ ಚಪ್ಪಲಿ.

ಚಿಕ್ಕಮ್ಮನಿಗೆ ಏಳಲಾಗಲಿಲ್ಲ. ಕೂತಲ್ಲಿಂದಲೇ ಕೇಳಿದಳು.

"ಖ್ವನ್ ಬಂತಾ?"

ಮೆಟ್ಟಿಲ ಕೆಳಗೆ ಚಪ್ಪಲಿ ಸದ್ದು ನಿಂತಿತು.

"ಬಂತು," ಇನ್ಸೋಮ್ ಅಂದ. ದನಿಯೇ ಇರಲಿಲ್ಲ, ಬರೀ ಗಾಳಿ. "ಬುವಾ ಬಂದ್ಲು."

ಮಗು ಉಸಿರು ಎಳೆದುಕೊಂಡಿತು. ಮುಳುಗಿದವರು ಮೇಲೆ ಬಂದ ಹಾಗೆ. ಕೆಮ್ಮಿತು. ಕಣ್ಣು ಉಜ್ಜಿಕೊಂಡಿತು.

ಮೆಟ್ಟಿಲು ಹತ್ತಿ ಬಂದ ಅಪ್ಪನನ್ನು ನೋಡಿ, "ಯಾಕಪ್ಪಾ ಕಪ್ಪೆ ಥರ ಮಾತಾಡ್ತೀಯ?" ಅಂದಳು ಬುವಾ.

ಇನ್ಸೋಮ್ ಬಲೆ ಸಮೇತ ಕುಸಿದು ಕೂತು ಅತ್ತ. ಚನ್ತಾ ಮಗುವಿಗೆ ನೂಲು ಕಟ್ಟಿದಳು. ಹಲ್ಲಿಂದ ಗಂಟು ಬಿಗಿದಳು. ಎರಡು ಸುತ್ತು ಸಾಲದು ಅಂತ ಇದ್ದ ನೂಲೆಲ್ಲ ಸುತ್ತಿಬಿಟ್ಟಳು.

ಇನ್ಸೋಮನ ಸ್ಥಾನ ಹೋಯಿತು. ಗಂಟಲೂ ಹೋಯಿತು, ಮತ್ತೆ ಬರಲಿಲ್ಲ. ಆಮೇಲೆ ಅವನು ಚರ್ಚಿನಲ್ಲಿ ಕೊನೇ ಬೆಂಚಿನಲ್ಲಿ ಕೂತು ಬರೀ ತುಟಿ ಆಡಿಸುತ್ತಿದ್ದ. ಕೇಳಿದರೆ, "ಅಗ್ಗಕ್ಕೆ ಆಯ್ತು ಭಾವ," ಅನ್ನುತ್ತಿದ್ದ. ಬುವಾಗೆ ಈಗ ಇಬ್ಬರು ಮಕ್ಕಳು. ಅವಳಿಗೆ ಇದಾವುದೂ ನೆನಪಿಲ್ಲ.

ಚಿಕ್ಕಮ್ಮ ಆಮೇಲೂ ಬಹಳ ವರ್ಷ ಬದುಕಿದಳು. ಆ ಹೆಸರು ಏನು ಅಂತ ನಾನು ಒಂದು ಸಲ ಕೇಳಿದೆ. "ನಿಂಗ್ಯಾಕೆ?" ಅಂದಳು. ಮತ್ತೆ ಕೇಳಲಿಲ್ಲ.

ಅವಳು ತೀರಿಕೊಂಡಾಗ ಮಳೆಗಾಲ. ಕೊನೆಗೆ ಮೂಳೆ ಚಕ್ಕಳ ಆಗಿದ್ದಳು. ಚನ್ತಾ ಒಬ್ಬಳೇ ಎತ್ತಿ ಸ್ನಾನ ಮಾಡಿಸುತ್ತಿದ್ದಳು. ಪೆಟ್ಟಿಗೆ ಸಾಧಾರಣ ಮರದ್ದು, ನಾನೇ ಮಾಡಿಸಿದ್ದು. ಖಾಲಿ ಇದ್ದಾಗ ಇಬ್ಬರು ಹೊತ್ತು ತಂದಿದ್ದರು. ಪ್ರಾರ್ಥನೆ ಆದ ಮೇಲೆ ನಾಲ್ಕು ಜನ ಎತ್ತಲು ಹೋದೆವು. ಏಳಲಿಲ್ಲ. ಪಾದ್ರಿಗಳು ನಮ್ಮ ಮುಖ ನೋಡಿದರು. ಮತ್ತೆ ಇಬ್ಬರನ್ನು ಕರೆದೆವು. ಆರು ಜನ ಹೊತ್ತೆವು. ಆದರೂ ಸಮಾಧಿಯ ತನಕ ದಾರಿಯಲ್ಲಿ ಎರಡು ಸಲ ಇಳಿಸಬೇಕಾಯಿತು.

ನಂಬದಿದ್ದರೆ ಬಿಡಿ. ಮುಂದಿನ ಎಡಗಡೆ ಹೆಗಲು ನನ್ನದು.